ಮಂಗಳ ತಲೆಗೆ ನೀರು ಹಾಕಿಕೊಂಡ ದಿನ

ಹೋದ ಭಾನುವಾರ ನಂಜನಗೂಡಿನ ಒಂದು ಮದುವೆಯಲ್ಲಿ ನನಗೆ ಭಯಂಕರ ಹೊಟ್ಟೆ ಉರಿಯಿತು. ಊಟ ಚೆನ್ನಾಗಿಯೇ ಇತ್ತು. ಉರಿ ಊಟದ್ದಲ್ಲ.

ಹುಡುಗಿಯ ಸೋದರಮಾವ ನನ್ನ ಪಕ್ಕ ನಿಂತಿದ್ದ ಹೆಂಗಸನ್ನು ತೋರಿಸಿ, ಇಡೀ ಛತ್ರಕ್ಕೆ ಕೇಳುವ ಹಾಗೆ ಹೇಳಿದರು: "ಇವ್ರು ಗೊತ್ತಾಯ್ತಾ? ಡಾಕ್ಟ್ರು ವಸುಧಾ ಮೇಡಂ. ನರಸೀಪುರದ ಕಡೆ ಟೆಂಪೋ ಸಿದ್ದರಾಜು ಕೇಸಿತ್ತಲ್ಲ, ಹೆಂಡ್ತಿ ಕೊಲೆದು? ಗೆಲ್ಸಿದ್ದು ಇವ್ರೇ ಕಣ್ರೀ."

ಹೌದಾ? ಹಾಗಾದರೆ ಕರಿ ಕೋಟು ಹಾಕಿಕೊಂಡು, ಮೈಸೂರಿನ ಸೆಷನ್ಸ್ ಕೋರ್ಟಿನಲ್ಲಿ ಸಿದ್ದರಾಜು ಪರವಾಗಿ ವಾದ ಮಾಡಿದ್ದು ಯಾರು? ನಾನು! ವಸುಧಾ ಸರ್ಕಾರದ ಕಡೆಯ ಸಾಕ್ಷಿ. ನನ್ನ ಎದುರಾಳಿ ಅನ್ನಿ. ಅವಳೂ "ಅಯ್ಯೋ, ನಾನಲ್ಲ, ಇವಳು" ಅಂತ ನನ್ನ ಕೈ ಹಿಡಿದಳು. ಅದನ್ನೂ ನನಗೆ ಸಹಿಸಲಾಗಲಿಲ್ಲ. ಒಳ್ಳೆಯವಳಾಗುವ ಅವಕಾಶವೂ ಅವಳಿಗೇ ಸಿಗಬೇಕೆ?

ನಾವಿಬ್ಬರೂ ನಂಜನಗೂಡಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಇಬ್ಬರಿಗೂ ಡಾಕ್ಟರ್ ಆಗುವ ಆಸೆ. ಅವಳಿಗೆ ಮೆಡಿಕಲ್ ಸೀಟು ಸಿಕ್ಕಿತು. ನಾನು ಲಾ ಓದಿದೆ. (ಲಾ ಓದುವುದು ನನ್ನ ಬಾಲ್ಯದ ಕನಸು ಅಂತ ಈ ಅಂಕಣದಲ್ಲೇ ಒಮ್ಮೆ ಬರೆದಿದ್ದೆ. ಆ ಮಾತನ್ನು ಹೆಚ್ಚು ನಂಬಬೇಡಿ.)

ಈಗ ಕೇಸಿಗೆ ಬರೋಣ. ತೊಂಬತ್ತರ ದಶಕದ ನಡುವಿನ ಮಾತು.

ಟಿ. ನರಸೀಪುರದಿಂದ ಸ್ವಲ್ಪ ಒಳಗೆ ಒಂದು ಹಳ್ಳಿ. ಸಿದ್ದರಾಜು ಅಲ್ಲಿ ಟೆಂಪೋ ಇಟ್ಟುಕೊಂಡು, ತೋಟಗಳಿಂದ ಬಾಳೆಗೊನೆ ತುಂಬಿ ನಂಜನಗೂಡಿಗೆ ತಂದು ಹಾಕುತ್ತಿದ್ದ. ಹೆಂಡತಿ ಮಂಗಳ ಎಸ್ಸೆಸ್ಸೆಲ್ಸಿ ಪಾಸು. ಊರಿನ ಅಂಗನವಾಡಿಯಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಮೀಟಿಂಗ್ ಅಂತ ಆಗಾಗ ಬಸ್ಸು ಹತ್ತಿ ನರಸೀಪುರಕ್ಕೆ ಹೋಗಬೇಕಾಗುತ್ತಿತ್ತು. ಅಲ್ಲಿಂದ ಶುರು ಸಿದ್ದರಾಜುವಿನ ಅನುಮಾನ. ಬಸ್ಸಲ್ಲಿ ಯಾರ ಪಕ್ಕ ಕೂತಿದ್ದೆ? ಆ ಸಾಹೇಬನ ಹತ್ತಿರ ಏನು ನಗು? ದಿನಾ ಜಗಳ. ಒಂದೆರಡು ಸಲ ಕೈಯನ್ನೂ ಎತ್ತಿದ್ದ.

ಒಂದು ರಜಾ ದಿನ ಬೆಳಗ್ಗೆಯೇ ಜಗಳ ಬೀದಿಗೆ ಬಂತು. ಮಂಗಳ ತಲೆಗೆ ಎಣ್ಣೆ ಹಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಿನ್ನ ಮುಗಿಸ್ಬುಡ್ತೀನಿ ಕಣೇ" ಅಂತ ಇವನು ಕೂಗಿದ್ದನ್ನು ಅಕ್ಕಪಕ್ಕದವರೆಲ್ಲ ಕೇಳಿದರು. ಇಬ್ಬರೂ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವನೊಬ್ಬನೇ ಆಚೆ ಬಂದು, ಬಾಗಿಲು ಎಳೆದು, ಟೆಂಪೋ ತೆಗೆದುಕೊಂಡು ಹೊರಟ.

ಸಂಜೆ ವಾಪಸು ಬಂದು ಬಾಗಿಲು ತೆಗೆದರೆ ಮಂಗಳ ಚಾಪೆಯ ಮೇಲೆ ಸತ್ತು ಬಿದ್ದಿದ್ದಳು. ತಲೆ ಒಡೆದಿತ್ತು. ಪಕ್ಕದಲ್ಲಿ ರುಬ್ಬುವ ಗುಂಡು.

ಇನ್ನೇನು ಬೇಕು? ಅನುಮಾನದ ಗಂಡ. ಬೀದಿಗೆಲ್ಲ ಕೇಳಿದ ಬೆದರಿಕೆ. ಬೆಳಗ್ಗೆ ಗುಂಡಿನಿಂದ ಜಜ್ಜಿ ಕೊಂದು, ಏನೂ ಆಗದವನ ಹಾಗೆ ಬಾಳೆಗೊನೆ ತುಂಬಿಕೊಂಡು ಹೋದ ಅಂತ ಪೊಲೀಸರು ಚಾರ್ಜ್‌ಶೀಟ್ ಹಾಕಿದರು. ಅವನು ಹಗಲೆಲ್ಲ ನಂಜನಗೂಡಿನಲ್ಲಿದ್ದುದನ್ನು ಕಂಡವರು ಬೇಕಾದಷ್ಟು ಜನ. ಆದರೆ ಮೊದಲೇ ಕೊಂದು ಹೋಗಿದ್ದರೆ ಅದರಿಂದ ಏನು ಉಪಯೋಗ?

ಜೈಲಿನಲ್ಲಿ ನೋಡಲು ಹೋದಾಗ ಸಿದ್ದರಾಜು ಕಂಬಿ ಹಿಡಿದು ಅತ್ತ. "ಬಾಯಿಗ್ ಬಂದಂಗೆ ಅಂದಿವ್ನಿ ಕಣವ್ವಾ. ಒಡ್ದೂ ಇವ್ನಿ. ಇಲ್ಲ ಅನ್ನಕಿಲ್ಲ. ಆದ್ರೆ ಸಾಯ್ಸಿಲ್ಲ."

ನನಗೆ ಅವನ ಮೇಲೆ ಪ್ರೀತಿಯೇನೂ ಹುಟ್ಟಲಿಲ್ಲ. ಆದರೆ ಕೊಂದಿಲ್ಲ ಅನ್ನುವುದು ನಿಜ ಅನ್ನಿಸಿತು.

ಹೆಣ ಕೊಯ್ದ ಡಾಕ್ಟರು ಯಾರು ಅಂತ ನೋಡಿದೆ. ವಸುಧಾ! ನರಸೀಪುರದ ಆಸ್ಪತ್ರೆಯಲ್ಲಿದ್ದಳು. ಅವಳ ರಿಪೋರ್ಟಿನಲ್ಲಿ ಗಾಯಗಳ ಪಟ್ಟಿ ಇತ್ತು, ಯಾವುದು ಮೊದಲು ಯಾವುದು ಆಮೇಲೆ ಅಂತ ಪೊಲೀಸರು ಕೇಳಿರಲೇ ಇಲ್ಲ. ಹಳೇ ಸಲುಗೆಯಲ್ಲಿ ಅವಳ ಮನೆಗೆ ಹೋದೆ. ಹೊಳೆ ಕಾಣುವ ಮನೆ, ವರಾಂಡದಲ್ಲಿ ಬೆತ್ತದ ಕುರ್ಚಿ, ಕೂತಲ್ಲಿಗೇ ಕಾಫಿ ತಂದುಕೊಡುವ ಗಂಡ. (ಇವೆಲ್ಲ ಒಬ್ಬಳಿಗೇ ಹೇಗೆ ಸಿಗುತ್ತವೆ?) ಕೇಸಿನ ಮಾತು ತೆಗೆದ ತಕ್ಷಣ, "ಕೋರ್ಟಲ್ಲಿ ಕೇಳು ಕಣೇ. ಇಲ್ಲಿ ಬರೀ ಕಾಫಿ" ಅಂದುಬಿಟ್ಟಳು. ಅವಳು ಮಾಡಿದ್ದು ಸರಿಯೇ. ಅದಕ್ಕೇ ಇನ್ನಷ್ಟು ಕೋಪ ಬಂತು.

ಅವಳಿಗೆ ದೂರದ ಊರಿಗೆ ವರ್ಗವಾಗಿತ್ತು. ಹಾಗಾಗಿ ಕೋರ್ಟಿನಲ್ಲಿ ಅವಳ ಸಾಕ್ಷಿಯನ್ನೇ ಮೊದಲು ತೆಗೆದುಕೊಂಡರು. ಪಾಟೀಸವಾಲಿನಲ್ಲಿ ಇವಳನ್ನು ತಡವರಿಸುವ ಹಾಗೆ ಮಾಡಬೇಕು ಅಂತ ಸಿದ್ಧವಾಗಿ ಎದ್ದು ನಿಂತೆ.

"ಡಾಕ್ಟರೇ, ತಲೆಗೆ ಬಿದ್ದ ಏಟಿನಿಂದಲೇ ಸತ್ತಳು ಅಂತ ಹೇಳುತ್ತೀರಾ?"

"ಇಲ್ಲ" ಅಂದಳು. "ಆ ಏಟು ಬಿದ್ದಾಗ ಅವಳು ಆಗಲೇ ಸತ್ತಿದ್ದಳು."

ಯಾಕೆ ಅನ್ನುವುದನ್ನೂ ವಿವರಿಸಿದಳು.

ಜೀವ ಇದ್ದಾಗ ಏಟು ಬಿದ್ದರೆ ಗಾಯದ ಸುತ್ತ ಊತ ಬರುತ್ತದೆ, ಮಾಂಸದೊಳಗೆ ರಕ್ತ ಇಂಗಿ ಹೆಪ್ಪುಗಟ್ಟುತ್ತದೆ. ಇಲ್ಲಿ ಎರಡೂ ಇರಲಿಲ್ಲ. ಆದರೆ ತುಟಿಯ ಒಳಭಾಗ ಅವಳದೇ ಹಲ್ಲಿಗೆ ಸಿಕ್ಕಿ ಹರಿದಿತ್ತು. ಕಣ್ಣಿನೊಳಗೆ ಸಣ್ಣ ಸಣ್ಣ ಕೆಂಪು ಚುಕ್ಕೆ. ಅಂದರೆ ಯಾರೋ ಮುಖದ ಮೇಲೆ ದಿಂಬಿನಂಥದ್ದನ್ನು ಒತ್ತಿ ಉಸಿರು ಕಟ್ಟಿಸಿದ್ದಾರೆ. ತಲೆ ಜಜ್ಜಿದ್ದು ಆಮೇಲೆ.

"ಕೂದಲಲ್ಲಿ ಎಣ್ಣೆ ಇತ್ತೇ?" ನಾನು ಕೇಳಿದೆ.

"ಜಿಡ್ಡು ಇರಲಿಲ್ಲ. ತಲೆಗೆ ನೀರು ಹಾಕಿಕೊಂಡಿದ್ದರು. ಕೂದಲು ಅರೆಬರೆ ಒಣಗಿತ್ತು. ಕಿವಿಯ ಹಿಂದೆ ಸೀಗೆಪುಡಿ ಉಳಿದಿತ್ತು, ಅದರ ಮೇಲೆ ರಕ್ತ. ಹೊಟ್ಟೆಯಲ್ಲಿ ರಾಗಿಮುದ್ದೆ, ಸೊಪ್ಪಿನ ಸಾರು ಇನ್ನೂ ಕರಗಿರಲಿಲ್ಲ."

ನೋಡಿ, ಆ ದಿನ ಕಣ್ಣ ಮುಂದೆ ಸಾಲಾಗಿ ಬಂದು ನಿಂತಿತು. ಜಗಳದ ಹೊತ್ತಿನಲ್ಲಿ ತಲೆಯಲ್ಲಿ ಎಣ್ಣೆ. ಗಂಡ ಹೋದ. ಅವಳು ಸೀಗೆ ಹಾಕಿ ತಲೆ ತೊಳೆದುಕೊಂಡಳು. ಮುದ್ದೆ ಕಟ್ಟಿ ಉಂಡಳು. ಕೂದಲು ಒಣಗಲಿ ಅಂತ ಹರಡಿಕೊಂಡು ಮಲಗಿದಳು. ಆಗ ಯಾರೋ ಬಂದರು. ಅಥವಾ ಯಾರೋ ಆಗಲೇ ಮನೆಯಲ್ಲಿದ್ದರು.

ಜಡ್ಜ್ ಪೆನ್ನು ಕೆಳಗಿಟ್ಟು, "ವೆರಿ ಕ್ಲಿಯರ್, ಡಾಕ್ಟರ್" ಅಂದರು. ನನ್ನ ಇಷ್ಟು ವರ್ಷದ ಪ್ರಾಕ್ಟೀಸಿನಲ್ಲಿ ಯಾವ ಜಡ್ಜೂ ನನಗೆ ಆ ಮಾತು ಹೇಳಿಲ್ಲ. ಕಕ್ಷಿದಾರನ ಜೀವ ಉಳಿಯುವ ಸೂಚನೆ ಸಿಕ್ಕಿದೆ, ನಾನು ಹಿಗ್ಗಬೇಕು. ನನಗೆ ಹಿಗ್ಗಿನ ಜೊತೆಗೇ ಆ ಎರಡು ಇಂಗ್ಲಿಷ್ ಪದ ಎದೆಯಲ್ಲಿ ಚುಚ್ಚುತ್ತಿತ್ತು.

ಆಮೇಲೆ ಬಂದ ಸಾಕ್ಷಿ ಸಾಕಮ್ಮ. ಸಿದ್ದರಾಜುವಿನ ಅಣ್ಣನ ಹೆಂಡತಿ, ಅಂದರೆ ಮಂಗಳನ ಓರಗಿತ್ತಿ. ಹಿಂದಿನ ಬೀದಿಯಲ್ಲೇ ಮನೆ. ಡಾಕ್ಟರು ಹೇಳಿದ್ದು ಅವಳಿಗೆ ಗೊತ್ತಿರಲಿಲ್ಲ, ಹೊರಗೆ ಕೂರಿಸಿದ್ದರು. ಜಗಳ ಕೇಳಿದೆ, ಒಂದು ಚೀರಾಟ ಕೇಳಿದೆ, ಮೈದುನ ಆಚೆ ಬಂದದ್ದು ನೋಡಿದೆ, ಹೆದರಿ ಮನೆ ಸೇರಿದವಳು ಸಂಜೆಯವರೆಗೂ ಅತ್ತ ಹೋಗಲೇ ಇಲ್ಲ ಅಂದಳು.

ಅಷ್ಟು ಕೂದಲು ತೊಳೆಯಬೇಕೆಂದರೆ ಬಹಳ ಹೊತ್ತು ಹಿಡಿಯುತ್ತದೆ ಅನ್ನುವುದು ದಾಖಲೆಗೆ ಬರಲಿ ಅಂತ ನಾನು ಮೆಲ್ಲಗೆ ಕೇಳಿದೆ: "ಮಂಗಳನಿಗೆ ಭಾರೀ ಉದ್ದ ಕೂದಲಂತೆ. ಊರಿಗೇ ಚೆಂದವಂತೆ. ಹೌದೇನಮ್ಮ?"

ಸಾಕಮ್ಮ ಮೂಗು ಮುರಿದಳು. "ಏನ್ ಚೆಂದ ಬುಡಿ. ತಲೆಗ್ ನೀರಾಕ್ಕಂಡ್ರೆ ಎಲ್ರಿಗೂ ತೋರುಸ್ಬೇಕು ಅವ್ಳಿಗೆ. ಅವತ್ತೂ ಅಂಗೇಯಾ. ಉಂಡ್ಬುಟ್ಟು, ಚಾಪೆ ತುಂಬ ಕೂದ್ಲು ಅರಡ್ಕಂಡು, ರಾಣಿ ಥರ ಮಲಗಿದ್ಲು."

ನಾನು ಮುಂದಿನ ಪ್ರಶ್ನೆ ಕೇಳಲಿಲ್ಲ. ಕೇಳಿದ್ದು ಜಡ್ಜ್. "ಅದನ್ನು ನೀವು ಯಾವಾಗ ನೋಡಿದಿರಿ?"

ಸಾಕಮ್ಮ ಕಟಕಟೆಯ ಅಂಚು ಹಿಡಿದುಕೊಂಡಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳ ಗಂಡ ಎದ್ದು ನಿಂತ. "ಏನಮ್ಮಿ ಅದು? ನೀನ್ ಅವತ್ತು ಅಲ್ಲಿಗ್ ಓಗಿದ್ಯಾ?" ಅಂತ ಕೋರ್ಟು ಅನ್ನುವುದನ್ನೂ ಮರೆತು ಕೇಳಿದ.

ಸಿದ್ದರಾಜು ಬಿಡುಗಡೆಯಾದ. ಮತ್ತೆ ತನಿಖೆ ನಡೆಯಿತು. ಸಾಕಮ್ಮ ಒಪ್ಪಿಕೊಂಡಳು. ಅವತ್ತು ಮಧ್ಯಾಹ್ನ ಮಂಗಳನೇ ಅವಳನ್ನು ಕರೆದು, ಮುದ್ದೆ ಬಡಿಸಿ, ಗಂಡ ಬೆಳಗ್ಗೆ ಬೈದದ್ದನ್ನೆಲ್ಲ "ಅಕ್ಕಾ, ಅಕ್ಕಾ" ಅಂತ ಹೇಳಿಕೊಂಡು ಅತ್ತಿದ್ದಳು. ಅತ್ತು ಅತ್ತು ಹಾಗೇ ನಿದ್ದೆ ಹೋಗಿದ್ದಳು. ಆಗ ಸಾಕಮ್ಮ ಮುಖಕ್ಕೆ ದಿಂಬು ಒತ್ತಿದಳು. ತಪ್ಪು ಸಿದ್ದರಾಜು ಮೇಲೆ ಬರಲಿ ಅಂತಲೇ ಆಮೇಲೆ ಗುಂಡು ಎತ್ತಿ ಹಾಕಿದ್ದು.

ಪೇಪರಿನವರು ಡಾಕ್ಟರ ಜಾಣತನವನ್ನು ದೊಡ್ಡದಾಗಿ ಬರೆದರು. ಅವಳ ಫೋಟೋ ಬಂತು. ನಾನು "ಆರೋಪಿ ಪರ ವಕೀಲರು". ಹೆಸರೂ ಇಲ್ಲ. ಸಿದ್ದರಾಜು ಕೂಡ ಮೊದಲ ಬಾಳೆಗೊನೆ ತೆಗೆದುಕೊಂಡು ಹೋದದ್ದು ನರಸೀಪುರದ ಅವಳ ಮನೆಗೆ. ಅವಳು ಆಗಲೇ ಹೊಸ ಊರಿಗೆ ಹೋಗಿದ್ದಳು, ಬೀಗ ಹಾಕಿತ್ತು. (ಹೌದು, ಆಮೇಲೆ ಗೊನೆ ನಮ್ಮ ಮನೆಗೆ ಬಂತು. ಹೌದು, ನಾನು ಒಂದು ಹಣ್ಣನ್ನೂ ತಿನ್ನಲಿಲ್ಲ.)

ಬಹಳ ದಿನದ ಮೇಲೆ ಇನ್ಯಾವುದೋ ಕೆಲಸಕ್ಕೆ ಮೈಸೂರಿನ ಕೋರ್ಟಿಗೆ ಹೋಗಿದ್ದೆ. ಸಾಕಮ್ಮನನ್ನು ವಿಚಾರಣೆಗೆ ಕರೆತಂದು ಕಾರಿಡಾರಿನ ಬೆಂಚಿನಲ್ಲಿ ಕೂರಿಸಿದ್ದರು. ಪಕ್ಕದಲ್ಲಿ ಲೇಡಿ ಕಾನ್‌ಸ್ಟೇಬಲ್. ಸಾಕಮ್ಮ ಇಳಿದುಹೋಗಿದ್ದಳು. ನಿಲ್ಲಬಾರದಿತ್ತು, ನಿಂತೆ.

"ಕರೆದು ಊಟ ಹಾಕಿದವಳಮ್ಮ. ಯಾಕೆ ಹಾಗೆ ಮಾಡಿದೆ?"

ಅವಳು ನನ್ನನ್ನು ಗುರುತು ಹಿಡಿದಳು. ಕೋಪವಿರಲಿಲ್ಲ.

"ಆ ಅಂಗನವಾಡಿ ಕೆಲ್ಸಕ್ಕೆ ನಾನೂ ಅರ್ಜಿ ಆಕಿದ್ದೆ ಕಣವ್ವಾ. ನಾನೂ ಎಸ್ಸೆಸ್ಸೆಲ್ಸಿ. ಅವ್ಳಿಗ್ ಸಿಕ್ತು. ಓಗ್ಲಿ ಅಂತ ಸುಮ್ಕಾದೆ. ಊರೋರೆಲ್ಲ ಅವ್ಳ್ನ ಟೀಚರಮ್ಮ ಅಂದ್ರು. ಅಂದ್ಕಳ್ಳಿ ಅಂದ್ಕಂಡೆ. ಆಮೇಲಾಮೇಲೆ ನನ್ ಗಂಡನೂ ಊಟಕ್ ಕುಂತಾಗೆಲ್ಲ, ನಮ್ ಟೀಚರಮ್ಮ ಅಂಗಂದ್ಲು, ನಮ್ ಟೀಚರಮ್ಮ ಇಂಗಂದ್ಲು, ಅನ್ನೋಕ್ ಸುರು ಮಾಡ್ದ."

ಒಳಗಿನಿಂದ ಅವಳ ಹೆಸರು ಕೂಗಿದರು. ಎದ್ದು ಹೋದಳು.

ಯಾವ ಗಾಯ ಮೊದಲು, ಯಾವುದು ಆಮೇಲೆ ಅಂತ ಡಾಕ್ಟರು ಹೇಳಬಲ್ಲರು. ಸಾಕಮ್ಮನ ಮೊದಲ ಗಾಯ ಯಾವ ಊಟದ ಹೊತ್ತಿನಲ್ಲಿ ಆಯಿತು ಅಂತ ಅವಳ ಗಂಡನಿಗೂ ಗೊತ್ತಿರಲಿಲ್ಲ.

ನೀವು ನಿಮ್ಮ ಮನೆಯಲ್ಲಿ ದಿನಾ ಯಾರ ಮುಂದೆ ಯಾರನ್ನು ಹೊಗಳುತ್ತಿದ್ದೀರಿ?