ಎರಡು ವರ್ಷವೋ, ನಾಲ್ಕು ವರ್ಷವೋ

ಕೊರೋನಾ ಬಂದ ವರ್ಷ ನಾನು ಸ್ಯಾನ್ ಡಿಯಾಗೊದ ಒಂದು ಪ್ರಾಣಿ ಆಸ್ಪತ್ರೆಯ ಫ್ರಂಟ್ ಡೆಸ್ಕಿನಲ್ಲಿದ್ದೆ. ಸಾಕಿದವರು ಒಳಗೆ ಬರುವಂತಿರಲಿಲ್ಲ. ಅವರು ಕಾರಿನಲ್ಲೇ ಕೂತಿರಬೇಕು, ನಾವು ಹೋಗಿ ನಾಯಿಯನ್ನೋ ಬೆಕ್ಕನ್ನೋ ಎತ್ತಿಕೊಂಡು ಬರಬೇಕು. ಒಂದು ಮಧ್ಯಾಹ್ನ ಒಳಗೆ ಜನ ಸಾಲದೆ ನನ್ನನ್ನು ಕರೆದರು. ವಯಸ್ಸಾದವರೊಬ್ಬರ ನಾಯಿ ಟೇಬಲ್ ಮೇಲೆ ಪ್ರಾಣ ಬಿಡುವಾಗ ಅದರ ತಲೆ ಹಿಡಿದುಕೊಂಡಿದ್ದವಳು ನಾನು. ಹೊರಗೆ ಹೋಗಿ ಕೊರಳ ಬೆಲ್ಟನ್ನು ಅವರ ಕೈಗೆ ಕೊಟ್ಟೆ. ಈ ಕೆಲಸವನ್ನು ಸರಿಯಾಗಿ ಕಲಿಯಬೇಕು ಅನ್ನಿಸಿದ್ದು ಅವತ್ತು.

ಅಲ್ಲಿನ ಡಾಕ್ಟರು ಬಿಡಿಸಿ ಹೇಳಿದರು. ವೆಟರ್ನರಿ ಟೆಕ್ನಿಷಿಯನ್, ಅಂದರೆ ಪ್ರಾಣಿಗಳ ನರ್ಸ್ ಇದ್ದ ಹಾಗೆ, ಆಗಲು ಎರಡು ವರ್ಷದ ಡಿಗ್ರಿ ಸಾಕು, ಲೈಸೆನ್ಸ್ ಪರೀಕ್ಷೆ ಬರೆಯಬಹುದು. ನಾಲ್ಕು ವರ್ಷ ಓದಿದವರು ಬರೆಯುವುದೂ ಅದೇ ಪರೀಕ್ಷೆ; ಆದರೆ ಅವರಿಗೆ ಮುಂದೆ ಪಾಠ ಹೇಳುವ, ಲ್ಯಾಬಿಗೆ ಸೇರುವ ದಾರಿ ತೆರೆದಿರುತ್ತದೆ. ಎರಡು ವರ್ಷದ್ದು ನನ್ನ ಮನೆಯ ಹತ್ತಿರವೇ ಇತ್ತು. ನಾಲ್ಕು ವರ್ಷದ್ದು ಲಾಸ್ ಏಂಜಲಿಸ್ ಕಡೆ, ಅಕ್ಕ ಇದ್ದಲ್ಲಿ.

ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ಲಾಸ್ ಏಂಜಲಿಸಿನ ಬಂದರು, ಸ್ಯಾನ್ ಪೀಡ್ರೊದ ಶಿಪ್ಪಿಂಗ್ ಆಫೀಸೊಂದರಲ್ಲಿ ಕೆಲಸ ಮಾಡಿಕೊಂಡು ಒಬ್ಬಳೇ ಇದ್ದಳು. ಓದುವುದಾದರೆ ಪೂರ್ತಿ ನಾಲ್ಕು ವರ್ಷ ಓದು ಅಂತ ಅವಳು. ಮೂವತ್ತು ದಾಟಿದವಳಿಗೆ ಎರಡೇ ಜಾಸ್ತಿ ಅಂತ ನಾನು. ಫೋನಿನಲ್ಲಿ ವಾರಗಟ್ಟಲೆ ಇದೇ ವಾದ. ಅಷ್ಟರಲ್ಲಿ ಅವಳಿಗೆ ಹೊಟ್ಟೆನೋವು ಶುರುವಾಯಿತು. ಸ್ಕ್ಯಾನ್ ಮಾಡಿಸಿದಾಗ ಕ್ಯಾನ್ಸರ್ ಅಂತ ಗೊತ್ತಾಯಿತು. ನಾನು ವಾದ ಬಿಟ್ಟು ನಾಲ್ಕು ವರ್ಷದ್ದಕ್ಕೆ ಅಪ್ಲೈ ಮಾಡಿದೆ. ಸೀಟು ಸಿಕ್ಕಿದ್ದೇ ಅವಳ ಮನೆಗೆ ಬಂದುಬಿಟ್ಟೆ.

"ನೀನು ಓದೋಕ್ ಬಂದಿಲ್ಲ ಅಂತ ನಂಗೊತ್ತು," ಅಂದಳು. "ಆದ್ರೂ ಬಂದಿದ್ದೀಯಲ್ಲ, ಓದು."

ಓದಿದೆ. ಬೆಳಗ್ಗೆ ಕ್ಲಾಸು, ಸಂಜೆ ಅವಳ ಜೊತೆ. ಗಂಜಿ ಸೇರಿದ ದಿನ ಗಂಜಿ, ಸೇರದ ದಿನ ಬರೀ ಎಳನೀರು. ನಾಯಿಯ ಮುಂಗಾಲಿನಲ್ಲಿ ನರ ಹುಡುಕಿ ಸೂಜಿ ಹಾಕುವುದನ್ನು ನಾನು ಕಲಿಯುತ್ತಿದ್ದ ಹೊತ್ತಿಗೆ, ಆಸ್ಪತ್ರೆಯಲ್ಲಿ ನರ ಸಿಗದೆ ಅವಳ ಎರಡೂ ಕೈ ನೀಲಿಗಟ್ಟಿದ್ದವು.

"ಚುಚ್ಚುವಾಗ ಅವುಗಳ ಹತ್ರ ಮಾತಾಡ್ತೀಯಾ?" ಅಂತ ಕೇಳಿದಳು.

"'ಆಯ್ತು ಪುಟ್ಟ, ಆಗೋಯ್ತು' ಅಂತೀನಿ."

"ಕನ್ನಡದಲ್ಲಾ?"

"ಬೇರೆ ಏನೂ ಬಾಯಿಗೆ ಬರಲ್ಲ."

ಅಕ್ಕ ತುಂಬ ದಿನಗಳ ಮೇಲೆ ನಕ್ಕಳು. ಆಮೇಲೆ ಕೈಯನ್ನು ನನ್ನ ಮಡಿಲಲ್ಲಿಟ್ಟು ಹಾಗೇ ನಿದ್ದೆ ಹೋದಳು.

ನನ್ನ ಎರಡನೇ ವರ್ಷ ಮುಗಿಯುವ ಮೊದಲೇ ಅವಳು ಹೋದಳು. ಪರೀಕ್ಷೆಗಳನ್ನು ಹೇಗೋ ಬರೆದೆ. ಆದರೆ ಆ ಮನೆಯಲ್ಲಿ ಅವಳಿಲ್ಲದೆ ಇನ್ನೆರಡು ವರ್ಷ ಪುಸ್ತಕ ಹಿಡಿದು ಕೂರುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಕಾಲೇಜಿನಲ್ಲಿ ವಿಚಾರಿಸಿದೆ. ಮುಗಿಸಿದ್ದ ವಿಷಯಗಳಲ್ಲಿ ಹೆಚ್ಚಿನವು ಸ್ಯಾನ್ ಡಿಯಾಗೊದ ಎರಡು ವರ್ಷದ ಡಿಗ್ರಿಗೆ ಸಲ್ಲುತ್ತವೆ ಅಂದರು. ವಾಪಸ್ ಬಂದು, ಉಳಿದದ್ದನ್ನು ಅಲ್ಲೇ ಮುಗಿಸಿ, ಲೈಸೆನ್ಸ್ ಪರೀಕ್ಷೆ ಪಾಸು ಮಾಡಿದೆ. ಹಳೆಯ ಆಸ್ಪತ್ರೆಯವರೇ ಟೆಕ್ನಿಷಿಯನ್ ಆಗಿ ತೆಗೆದುಕೊಂಡರು.

ಅಕ್ಕ ತೀರಿಕೊಂಡು ವರ್ಷ ಕಳೆದ ಮೇಲೆ ಲಾಸ್ ಏಂಜಲಿಸ್ ಹತ್ತಿರದ ಕ್ಯಾಲಬಾಸಸ್ ದೇವಸ್ಥಾನದಲ್ಲಿ ಅವಳ ಹೆಸರಿನಲ್ಲಿ ಪೂಜೆ ಮಾಡಿಸಿದೆ. ಅವಳ ಪಕ್ಕದ ಮನೆಯ ಆಂಟಿ ಬಂದಿದ್ದರು.

"ನೀನು ಪೂರ್ತಿ ನಾಲ್ಕು ವರ್ಷ ಓದ್ಬೇಕು ಅಂತ ಅವಳಿಗೆ ತುಂಬ ಇತ್ತಮ್ಮ," ಅಂದರು. ಚುಚ್ಚಬೇಕೆಂದು ಹೇಳಿದ್ದಲ್ಲ.

"ಅವಳಿದ್ದಿದ್ರೆ ಓದ್ತಿದ್ದೆ ಆಂಟಿ."

ಅವರು ಕಾರಿನವರೆಗೂ ನನ್ನ ಕೈ ಹಿಡಿದುಕೊಂಡೇ ಬಂದರು. ಮರುದಿನ ಡ್ಯೂಟಿ ಇತ್ತು. ಸ್ಯಾನ್ ಡಿಯಾಗೊವರೆಗೆ ಅಳುತ್ತಲೇ ಡ್ರೈವ್ ಮಾಡಿದೆ.