ಭೂಮಧ್ಯರೇಖೆಯ ಆಚೆಯ ಗಾಳಿ

ಶಂಕರಪುರದ ಮಾಯಣ್ಣನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಊಟದ ನಡುವೆಯೂ ಎದ್ದು ಬೀದಿಬಾಗಿಲಿಗೆ ಹೋಗಿಬರುತ್ತಿದ್ದ. ಗಾಳಿಯಲ್ಲಿನ ಅನಿಲಗಳನ್ನು ಅಳೆಯುವ ಪ್ರಯೋಗಾಲಯವೊಂದರಲ್ಲಿ ಅವನಿಗೆ ಕೆಲಸ. ಎಂಬತ್ತನಾಲ್ಕರ ಡಿಸೆಂಬರಿನಲ್ಲಿ ಗೋವಾದಿಂದ ದಕ್ಷಿಣ ಧ್ರುವದ ಹಿಮಖಂಡಕ್ಕೆ ಹೊರಟ ಹಡಗಿನಲ್ಲಿ, ದಾರಿಯುದ್ದಕ್ಕೂ ಗಾಳಿ ಹಿಡಿದು ತರಲು ಅವನನ್ನೂ ವಿಜ್ಞಾನಿ ವರದರಾಜರನ್ನೂ ಕಳಿಸಿದರು.

"ಗಾಳಿ ತರೋಕೆ ಅಷ್ಟು ದೂರ ಯಾಕ್ರೀ? ನಮ್ಮ ಬೀದೀಲಿ ಇಲ್ವಾ?" ಅಂದಳು ಹೆಂಡತಿ ರುದ್ರಾಣಿ.

"ಒಲೆ, ಲಾರಿ, ಎಲ್ಲದರ ಹೊಗೇಲೂ ಕಾರ್ಬನ್ ಮೊನಾಕ್ಸೈಡ್ ಇರತ್ತೆ ಕಣೇ. ದಕ್ಷಿಣಕ್ಕೆ ಹೋಗ್ತಾ ಹೋಗ್ತಾ ಅದು ಎಲ್ಲಿ ಕಮ್ಮಿಯಾಗತ್ತೆ, ನೋಡ್ಬೇಕು."

ಅವರು ಒಯ್ದದ್ದು ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದ ಗಾಜಿನ ಬುರುಡೆಗಳು. ಹಡಗಿನ ಮೂತಿಯಲ್ಲಿ ನಿಂತು, ಉಸಿರು ಬಿಗಿಹಿಡಿದು ತಿರುಪು ಬಿಟ್ಟರೆ ಸಮುದ್ರದ ಗಾಳಿ ಒಳಗೆ ನುಗ್ಗುತ್ತಿತ್ತು. ಭೂಮಧ್ಯರೇಖೆ ಹತ್ತಿರವಾದಾಗ ಗಾಳಿ ಬೆನ್ನ ಹಿಂದಿನಿಂದ ಬೀಸಿ, ಹಡಗಿನ ಹೊಗೆಯನ್ನೇ ಅವನ ಮುಖಕ್ಕೆ ತಂದು ಬಡಿಯತೊಡಗಿತು. ಆ ಹೊಗೆ ಸೇರಿದರೆ ಅಳತೆಯೇ ಕೆಡುತ್ತಿತ್ತು; ಎರಡು ದಿನ ಒಂದೂ ಬುರುಡೆ ತುಂಬಲಿಲ್ಲ. ಮಾಯಣ್ಣ ಡೆಕ್ಕಿನ ಮೇಲೆ ಅತ್ತಿಂದಿತ್ತ ಸುತ್ತಿದ.

"ಹೋಗ್ಲಿ ಬಿಡಿ ಮಾಯಣ್ಣ, ಮುಂದೆ ಹಿಡಿಯೋಣ," ಅಂದರು ವರದರಾಜ.

"ಈ ಜಾಗ ಮುಂದೆ ಸಿಗಲ್ಲ ಸಾರ್. ಕ್ಯಾಪ್ಟನ್ನಿಗೆ ಒಂದು ಮಾತು ಹೇಳಿ, ಹಡಗು ಒಂದ್ಸಲ ತಿರುಗಿಸ್ಲಿ."

ವರದರಾಜ ಅಳುಕುತ್ತಲೇ ಹೋಗಿ ಕೇಳಿದರು. ಕ್ಯಾಪ್ಟನ್ ಗೊಣಗಿದ, ಆದರೆ ಹಡಗನ್ನು ಗಾಳಿಗೆದುರಾಗಿ ತಿರುಗಿಸಿದ. ಹೊಗೆ ಹಿಂದೆ ಸರಿಯಿತು. ಮಾಯಣ್ಣ ಮೂತಿಗೆ ಓಡಿ ತಿರುಪು ಬಿಟ್ಟು ಮುಚ್ಚುವಷ್ಟರಲ್ಲಿ ಅಲೆಯೊಂದು ಎದ್ದು ಅವನನ್ನು ಕಬ್ಬಿಣದ ಕಂಬಿಗೆ ಎತ್ತಿ ಒಗೆಯಿತು. ಎಡ ಮಣಿಕಟ್ಟು ಮುರಿಯಿತು. ಬುರುಡೆ ಬಲ ಕಂಕುಳಲ್ಲಿ ಭದ್ರವಾಗಿತ್ತು. ಉಳಿದವನ್ನು ಅವನು ಹೇಳಿದಂತೆ ವರದರಾಜರೇ ತುಂಬಿದರು.

ಬೇಸಿಗೆಯಲ್ಲಿ ಫಲಿತಾಂಶ ಬಂತು. ರೇಖೆಯವರೆಗೂ, ಅದರ ಸ್ವಲ್ಪ ಆಚೆಗೂ ನಮ್ಮ ಕಡೆಯ ಹೊಗೆ ಗಾಳಿಯ ಜೊತೆ ಹೋಗಿತ್ತು. ಆಮೇಲೆ ಇಳಿಯುತ್ತಾ ಹೋಗಿ, ದೂರದ ದಕ್ಷಿಣದಲ್ಲಿ ಅರ್ಧಕ್ಕಿಂತ ಕಮ್ಮಿಯಾಗಿತ್ತು.

"ಇಲ್ಲಿ ಹಚ್ಚಿದ ಒಲೆ ಹೊಗೆ ಅಲ್ಲೀಗಂಟ ಹೋಗತ್ತಾ?" ರುದ್ರಾಣಿ ಹೊಟ್ಟಿನ ಒಲೆಯ ಮುಂದೆ ಕೆಮ್ಮುತ್ತಾ ಕೇಳಿದಳು. ಮಾಯಣ್ಣ ತಿರುಗಿ ಅವಳನ್ನು ನೋಡಿದ. ಅಷ್ಟು ದೂರದ ಹೊಗೆಗಾಗಿ ಕೈ ಮುರಿದುಕೊಂಡಿದ್ದ. ಪಕ್ಕದ ಈ ಕೆಮ್ಮು ಅವನ ಕಿವಿಗೆ ಬಿದ್ದಿರಲೇ ಇಲ್ಲ.

ಮರುದಿನವೇ ಗ್ಯಾಸಿಗೆ ಹೆಸರು ಬರೆಸಿದ. ಸಿಲಿಂಡರ್ ಮನೆಗೆ ಬರಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಒಲೆಯನ್ನು ಹಿತ್ತಲಿನ ಬಯಲಿಗೆ ಸಾಗಿಸಿ, ಬೆಳಗಿನ ಅಡುಗೆಯನ್ನು ತಾನೇ ಮಾಡಿದ. ಕೈ ನೆಟ್ಟಗಾಗದ್ದರಿಂದ ಅವನನ್ನು ಮತ್ತೆ ಹಡಗಿಗೆ ಕಳಿಸಲಿಲ್ಲ. ಪ್ರತಿ ಡಿಸೆಂಬರಿನಲ್ಲೂ ಬುರುಡೆಗಳನ್ನು ಗೋವಾಕ್ಕೆ ಮುಟ್ಟಿಸಿ, ಹಡಗು ಮರೆಯಾಗುವವರೆಗೂ ಬಂದರಿನಲ್ಲಿ ಓಡಾಡಿ, ಬಸ್ಸು ಹತ್ತಿ ಮನೆಗೆ ಬರುತ್ತಿದ್ದ.