ದೀಪವಿಲ್ಲದ ಊರಿನ ಪಂಚನಾಮೆ

ಸೇಡಂ ಮತ್ತು ಚಿಂಚೋಳಿ ನಡುವಿನ ಒಂದು ಗುಡ್ಡದ ಮೇಲೆ ನನ್ನ ತಾಯಿಯ ತವರೂರು ಇತ್ತು. ಈಗಲೂ ಇದೆ, ಜನ ಮಾತ್ರ ಇಲ್ಲ. ಹೆಸರು ಬರೆಯುವುದಿಲ್ಲ, ಏಕೆಂದರೆ ಅದರ ಕಡತ ಕಚೇರಿಯಲ್ಲಿ ಇನ್ನೂ ಜೀವಂತವಾಗಿದೆ.

ಹತ್ತಿರದ ಮಳಖೇಡಕ್ಕೆ ಚಕ್ರವರ್ತಿಗಳ ಚರಿತ್ರೆ ಉಂಟು. ನಮ್ಮ ಗುಡ್ಡಕ್ಕೆ ಆ ಭಾಗ್ಯವಿಲ್ಲ. ಯಾವ ರಾಜನೂ ಅದರ ಮೇಲೆ ದಂಡೆತ್ತಿ ಬಂದಂತಿಲ್ಲ. ಬಂದಿದ್ದರೂ ಅರ್ಧ ದಾರಿಯಲ್ಲಿ ನೀರಡಿಸಿ ಇಳಿದು ಹೋಗಿರಬೇಕು. ಊರು ಬರಿದಾದದ್ದು ಹೇಗೆಂದು ಗುಡ್ಡದ ಕೆಳಗಿನ ಊರಿನ ಕಟ್ಟೆಯ ಮೇಲಿನ ಗಂಡಸರನ್ನು ಕೇಳಿದರೆ ಒಬ್ಬರು ಪ್ಲೇಗು ಅನ್ನುತ್ತಾರೆ, ಇನ್ನೊಬ್ಬರು ಸ್ವಾಮಿಯ ಶಾಪ ಅನ್ನುತ್ತಾರೆ. ಅಲ್ಲೇ ಹುಟ್ಟಿದ ನನ್ನ ದೊಡ್ಡವ್ವ, ಅಂದರೆ ತಾಯಿಯ ಅಕ್ಕ, ಎರಡಕ್ಕೂ ನಗುತ್ತಾಳೆ.

“ಎಲ್ಲೀ ಶಾಪೋ? ಕೆಳಗ ಬಾವಿಗಿ ನೀರು ಬಿತ್ತು. ಕೊಡ ಹೊತ್ತು ಗುಡ್ಡ ಏರಿ ಏರಿ ಹೆಣ್ಮಕ್ಕಳ ನಡ ಹೋಗಿತ್ತು. ಒಂದಿನ ನಮ್ಮವ್ವ ಬಾವಿ ದಂಡಿಗಿ ಕೊಡ ಇಟ್ಟು, ನೀರು ಬೇಕಾದವ್ರು ಕೆಳಗ ಬರ್ಲಿ ಅಂದಳು. ಬಂದ್ರು.”

ಒಂದು ಊರಿನ ಪತನಕ್ಕೆ ಇಷ್ಟು ಸಣ್ಣ ಕಾರಣವನ್ನು ಗಂಡಸರ ಚರಿತ್ರೆ ಒಪ್ಪುವುದಿಲ್ಲ. ಆದರೂ ಗೋಡೆಗಳನ್ನು ಬಿಟ್ಟು, ಬಾಗಿಲು ತೊಲೆಗಳನ್ನು ಹೊತ್ತು ಊರು ಇಳಿಯಿತು. ಕೆಲವರು ವಾಡಿಯ ಸಿಮೆಂಟು, ಶಹಾಬಾದಿನ ಪರಸಿ ಹಾಸುಗಲ್ಲಿನ ಕೆಲಸ ಅಂತ ಇನ್ನೂ ಮುಂದಕ್ಕೆ ಹೋದರು. ಎಲ್ಲರನ್ನೂ ಇಳಿಸಿದ ಆ ಅಜ್ಜಿ ಮಾತ್ರ ಸತ್ತ ಮೇಲೆ ಮೇಲೇರಿದಳು: ಅವಳ ಸಮಾಧಿ ಹಳೆಯ ಮನೆಯ ಹಿತ್ತಲಲ್ಲಿದೆ. ದೊಡ್ಡವ್ವ ಪ್ರತಿ ಸೋಮವಾರ ಗುಡ್ಡ ಹತ್ತಿ ಅಲ್ಲೊಂದು ದೀಪ ಹಚ್ಚಿ ಬರುತ್ತಾಳೆ.

ಹೀಗಿರುವಾಗ ಗುಡ್ಡದ ಹೊಟ್ಟೆಯಲ್ಲಿ ಒಳ್ಳೆಯ ಕಲ್ಲಿದೆಯೆಂದು ಯಾರಿಗೋ ತಿಳಿದು, ಗಣಿಗೆ ಅರ್ಜಿ ಬಿತ್ತು. ಮೇಲೆ ಯಾರೂ ವಾಸವಿಲ್ಲವೆಂದು ಪಂಚನಾಮೆ ಮಾಡಲು ತಲಾಟಿ, ಅಂದರೆ ಗ್ರಾಮಲೆಕ್ಕಿಗ, ಬರುವುದೆಂದಾಯಿತು. ಪಂಚನಾಮೆ ಮುಗಿದರೆ ಗುಡ್ಡ ಹೋಗುತ್ತದೆ. ಗುಡ್ಡ ಹೋದರೆ ಸಮಾಧಿಯೂ ಹೋಗುತ್ತದೆ. ಹಳೆಯ ದಾಖಲೆಯಲ್ಲಿ ಊರಿನ ಹೆಸರಿನ ಮುಂದೆ ‘ಬೇಚಿರಾಗ್’ ಎಂದು ಆಗಲೇ ಬರೆದಿತ್ತು. ಅದರ ಅರ್ಥ ಕೇಳಲು ದೊಡ್ಡವ್ವ ನನ್ನನ್ನೂ ಎಳೆದುಕೊಂಡು ಓಣಿಯ ನಿವೃತ್ತ ಉರ್ದು ಮಾಸ್ತರರ ಮನೆಗೆ ಹೋದಳು.

“ಚಿರಾಗ್ ಅಂದ್ರ ದೀಪ. ಬೇಚಿರಾಗ್ ಅಂದ್ರ ದೀಪ ಇಲ್ಲದ ಊರು ಅಕ್ಕಾ,” ಎಂದರು ಮಾಸ್ತರರು.

“ದೀಪ ಇಲ್ಲ? ಯಾಂವ ಅಂದಾಂವ? ಸೋಮಾರಕ್ಕೊಮ್ಮಿ ನಾ ಹಚ್ಚಿ ಬರ್ತೀನಲ್ಲ!”

“ಸರ್ಕಾರ ಸೋಮಾರ ಬರಂಗಿಲ್ಲ.”

“ಹಂಗಾರ ಅದು ಬರೋ ದಿನಾನೇ ಹಚ್ಚೋಣು.”

ಕಂದಾಯ ಇಲಾಖೆಯಲ್ಲಿ ಆ ಮಾತಿಗೆ ಜನವಸತಿ ಇಲ್ಲದ್ದು ಎಂದಷ್ಟೇ ಅರ್ಥ, ದೀಪ ಬರಿಯ ಅಲಂಕಾರ ಎಂದು ನಾನು ಶಾಸ್ತ್ರೋಕ್ತವಾಗಿ ವಿವರಿಸಿದೆ. ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು. ಮಾಸ್ತರರ ಅಜ್ಜನ ಗೋರಿಯೂ ಗುಡ್ಡದ ಮೇಲೆಯೇ ಇತ್ತು.

ತಲಾಟಿ ಬಂದದ್ದು ನಡು ಮಧ್ಯಾಹ್ನ. ಬಿಸಿಲು ಎಷ್ಟಿತ್ತೆಂದರೆ ಉರಿಯುವ ದೀಪ ಯಾವುದು, ಆರಿದ ದೀಪ ಯಾವುದು ಎಂದು ಬೆರಳಿಟ್ಟೇ ನೋಡಬೇಕಿತ್ತು. ಬಿದ್ದ ಗೋಡೆಗಳ ಗೂಡುಗೂಡಿನಲ್ಲೂ ಕುಸುಬಿ ಎಣ್ಣೆಯ ಪಣತಿ. ಗಾಳಿಗೆ ಹೆಂಗಸರು ಸೆರಗು ಒಡ್ಡಿದ್ದರು. ಮಾಸ್ತರರು ಛತ್ರಿ ಹಿಡಿದು ತಮ್ಮಜ್ಜನ ದೀಪವನ್ನು ಕಾಯುತ್ತಿದ್ದರು.

“ಏನ್ರಿ ಇದು, ಹಾಡಹಗಲ ದೀಪಾವಳಿ ಮಾಡ್ಲಿಕತ್ತೀರಿ?” ಎಂದ ತಲಾಟಿ, ಏದುಸಿರು ಬಿಡುತ್ತ.

“ಬರ್ರಿ ಸಾಹೇಬ್ರ, ಕುಂದ್ರಿ,” ಎಂದಳು ದೊಡ್ಡವ್ವ. “ಬರ್ಕೋರಿ, ದೀಪ ಅದಾವ.”

“ದೀಪ ಅದಾವ ಯವ್ವಾ, ಮಂದಿ ಎಲ್ಲದಾರ?”

“ಮಂದಿ ಇಲ್ದೇ ತಾನಾಗೇ ಹತ್ಯಾವೇನು?”

ಪಂಚನಾಮೆಗೆ ಪಂಚರ, ಅಂದರೆ ಸ್ಥಳದ ಸಾಕ್ಷಿಗಳ, ಸಹಿ ಬೇಕು. ಪಂಚರೆಂದರೆ ಅಲ್ಲಿ ಸೆರಗಿನ ಪಕ್ಕ ನಿಂತ ಊರಿನವರೇ. ಕಂಡದ್ದನ್ನು ಬರೆಯದಿದ್ದರೆ ಸಹಿ ಇಲ್ಲವೆಂದು ಅವರು ಕೈ ಕಟ್ಟಿ ನಿಂತರು. ತಲಾಟಿ ಪ್ರಾಮಾಣಿಕ ಮನುಷ್ಯ, ಹಸಿದಿದ್ದ ಕೂಡ. ಬರೆದ: ‘ಸದರಿ ಗ್ರಾಮವು ಬೇಚಿರಾಗ್ ಇದ್ದು, ಸ್ಥಳದಲ್ಲಿ ದೀಪಗಳು ಉರಿಯುತ್ತಿದ್ದವು.’ ಕನ್ನಡ ಗದ್ಯದಲ್ಲಿ ಇಷ್ಟು ಪರಿಪೂರ್ಣವಾದ ವಾಕ್ಯ ಇನ್ನೊಂದನ್ನು ನಾನು ಓದಿಲ್ಲ.

ಮೇಲಿನ ಕಚೇರಿಗೂ ಅದು ಹಾಗೇ ಕಂಡಿರಬೇಕು. ಕೆಲವು ತಿಂಗಳ ಮೇಲೆ ಕಡತ ಹಿಂದಕ್ಕೆ ಬಂತು: ಇಲ್ಲದ ಊರಿನಲ್ಲಿ ದೀಪ ಹಚ್ಚಿದವರಾರು, ಅವರ ಹೇಳಿಕೆ ಪಡೆಯತಕ್ಕದ್ದು. ಜೊತೆಗೊಂದು ನೋಟೀಸು. ಅದನ್ನು ಹಿಡಿದು ತಲಾಟಿ ಕೆಳಗಿನ ಊರಿನ ನಮ್ಮ ದೊಡ್ಡವ್ವನ ಮನೆಗೆ ಬಂದ. ನಾನು ಓದಿ ಹೇಳಿದೆ. ಮೊದಲ ಸಾಲಿನಲ್ಲಿ ಗುಡ್ಡದ ಊರಿನ ಹೆಸರು, ಅದರ ಮುಂದೆ ‘ನಿವಾಸಿಗಳಿಗೆ’ ಎಂದಿತ್ತು.

“ನಿವಾಸಿ ಅಂದ್ರ?”

“ಅಲ್ಲಿ ಇರೋರು, ದೊಡ್ಡವ್ವ.”

ಚಾಚಿದ್ದ ಕೈಯನ್ನು ಅವಳು ತಟ್ಟನೆ ಬೆನ್ನಿಗೆ ಸೇರಿಸಿದಳು. “ಇಲ್ಲಿ ತಗೊಂಡ್ರ ನಾ ಈ ಊರಾಕಿ ಆಗ್ತೀನಿ. ಆ ಊರಿನ ಕಾಗದ ಆ ಊರಾಗೇ ಕೊಡ್ರಿ.”

“ಯವ್ವಾ, ಮತ್ತ ಗುಡ್ಡ ಹತ್ತಸ್ತೀಯೇನು? ನನ್ನ ಮೊಣಕಾಲು ಭಾಳ ನೋಯ್ಲಿಕತ್ತಾವ.”

“ನಂದೂ ನೋಯ್ತಾವ. ನಡೀರಿ.”

ಅವಳು ಮುಂದೆ, ಸರ್ಕಾರ ಹಿಂದೆ, ಚರಿತ್ರೆಗೆ ಸಾಕ್ಷಿಯಾಗಿ ನಾನು ಕೊನೆಯಲ್ಲಿ. ನಾಲ್ಕು ಕಡೆ ಕುಳಿತು ಎದ್ದು ಮೇಲೆ ಮುಟ್ಟಿದೆವು. ದೊಡ್ಡವ್ವ ತನ್ನ ಅವ್ವನ ಮನೆಯ ಬಾಗಿಲಿಲ್ಲದ ಹೊಸ್ತಿಲ ಮೇಲೆ ಕುಳಿತು ಹೆಬ್ಬೆಟ್ಟು ಒತ್ತಿದಳು.

“ವಿಳಾಸ ಏನಂತ ಬರೀಲಿ?” ಎಂದ ತಲಾಟಿ.

“ಎಲ್ಲಿ ಕುಂತೀನಿ ನೋಡ್ರಿ, ಅದನ್ನೇ ಬರೀರಿ.”

ಅವನು ಸುತ್ತ ಒಮ್ಮೆ ನೋಡಿದ. ಮೊಣಕಾಲು ಒತ್ತಿಕೊಂಡ. ಬರೆದ.